ಟೆರೇಸಿನ ಮೇಲೊಂದು ತಗಡಿನ ಸೂರು

ವೀಕ್ಷಕರೇ, ಇವತ್ತು ರಾಜಕೀಯ ಸ್ವಲ್ಪ ಪಕ್ಕಕ್ಕಿಡೋಣ. ಇವತ್ತು ಮನೆ ವಿಷಯ. ನೀವು ಮಲಗೋ ಮನೆ, ನಿಮ್ಮಜ್ಜ ಹುಟ್ಟಿದ ಮನೆ, ನಿಮ್ಮ ಮಗ ಸಾಲ ಮಾಡಿ ಕಟ್ಟುತ್ತಿರುವ ಮನೆ.

ಚಿಕ್ಕಮಗಳೂರಿನಿಂದ ಮೂಡಿಗೆರೆ, ಅಲ್ಲಿಂದ ಕೊಟ್ಟಿಗೆಹಾರ, ಬಾಳೂರು, ಹಿರೇಬೈಲು ದಾಟಿ ಕಳಸಕ್ಕೆ ಹೋಗುವ ರಸ್ತೆಯಲ್ಲಿ ಒಂದ್ಸಲ ಹೋಗಿ. ಕಾಫಿ ತೋಟ ನೋಡ್ಬೇಡಿ, ಅದನ್ನ ಎಲ್ಲರೂ ನೋಡ್ತಾರೆ. ಮನೆಗಳ ನೆತ್ತಿ ನೋಡಿ. ಲಕ್ಷಗಟ್ಟಲೆ ಖರ್ಚು ಮಾಡಿ ಆರ್‌ಸಿಸಿ ಟೆರೇಸ್ ಹಾಕಿರುತ್ತಾರೆ. ಅದರ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ, ಎರಡೂ ಕಡೆ ಇಳಿಜಾರು ಮಾಡಿ ತಗಡಿನ ಶೀಟ್ ಹೊದಿಸಿರುತ್ತಾರೆ. ಒಂದು ಮನೆಗೆ ಎರಡು ಸೂರು! ಒಂದು ಸೂರಿಗೆ ಸಿಮೆಂಟು, ಜಲ್ಲಿ, ಕಬ್ಬಿಣ. ಇನ್ನೊಂದು ಸೂರು ಆ ಮೊದಲನೇ ಸೂರನ್ನ ಮಳೆಯಿಂದ ಕಾಪಾಡೋದಕ್ಕೆ. ಬಯಲುಸೀಮೆಯವರು ನೋಡಿದರೆ ನಗುತ್ತಾರೆ. ಮಲೆನಾಡಿನವರು ನಗೋದಿಲ್ಲ, ಯಾಕಂದ್ರೆ ಅವರ ಮನೆ ಮೇಲೂ ಅದೇ ಇದೆ.

ಹೀಗೆ ಯಾಕಾಯ್ತು? ಈ ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ಸುಮಾರು ಸಾವಿರ ವರ್ಷ ಹಿಂದಕ್ಕೆ ಹೋಗ್ಬೇಕು. ಬನ್ನಿ.

ಮೂಡಿಗೆರೆ ತಾಲ್ಲೂಕಿನಲ್ಲಿ ಅಂಗಡಿ ಅಂತ ಒಂದು ಊರಿದೆ. ಹಳೆಯ ಹೆಸರು ಸೊಸೆವೂರು. ಹೊಯ್ಸಳರ ಮೂಲ ನೆಲೆ ಅದು. ಸಳ ಹುಲಿ ಹೊಡೆದ ಕಥೆ ನೀವು ಶಾಲೆಯಲ್ಲಿ ಓದಿದ್ದೀರಲ್ಲ, ಆ ಕಥೆ ಅಂಟಿಕೊಂಡಿರೋದು ಇದೇ ಊರಿಗೆ. ಅಲ್ಲಿ ವಾಸಂತಿಕಾ ದೇವಿಯ ಗುಡಿ ಇದೆ, ಹಳೆಯ ಬಸದಿಗಳಿವೆ. ದೇವರ ಮನೆ ಉಳಿದಿದೆ. ಆದರೆ ಆ ಗುಡಿ ಕಟ್ಟಿದ ಕಲ್ಲುಕುಟಿಗನ ಮನೆ ಎಲ್ಲಿ? ಪೂಜೆ ಮಾಡಿದವನ ಮನೆ ಎಲ್ಲಿ? ಗದ್ದೆ ಉತ್ತವನ ಮನೆ ಎಲ್ಲಿ? ಒಂದೂ ಇಲ್ಲ. ಅರಸರು ಕಲ್ಲನ್ನ ದೇವರಿಗೆ ಕೊಟ್ಟರು, ಮನುಷ್ಯರು ಮಣ್ಣು, ಮರ, ಬಿದಿರು, ಹುಲ್ಲಿನಲ್ಲಿ ಬದುಕಿದರು. ಕಲ್ಲು ಉಳಿಯಿತು, ಮಣ್ಣು ಮಣ್ಣಿಗೆ ಸೇರಿತು. ಅದಕ್ಕೇ ಮನೆಗಳ ಇತಿಹಾಸ ಬರೆಯೋದು ಕಷ್ಟ. ರಾಜರ ಇತಿಹಾಸಕ್ಕೆ ಶಾಸನ ಇದೆ. ಮನೆಯ ಇತಿಹಾಸಕ್ಕೆ ಉಳಿದಿರೋದು ಅಜ್ಜಿಯ ನೆನಪು ಮತ್ತು ಭಾಷೆಯಲ್ಲಿರೋ ಪದಗಳು.

ಆ ಪದಗಳಿಂದಲೇ ಶುರು ಮಾಡೋಣ. ಮೊದಲನೆಯದು ಹುಲ್ಲಿನ ಮನೆ. ಅಡಿಕೆ ತೋಟ ಇರೋ ಕಡೆ ಸೋಗೆ ಮನೆ. ಗೋಡೆ ಮಣ್ಣಿನದು, ಇಲ್ಲವೇ ಬಿದಿರಿನ ತಟ್ಟಿಗೆ ಮಣ್ಣು ಮೆತ್ತಿದ್ದು. ನೆಲಕ್ಕೆ ಸಗಣಿ. ಸೂರು ಎಷ್ಟು ಕೆಳಕ್ಕೆ ಇಳಿದಿರುತ್ತಿತ್ತು ಅಂದ್ರೆ ಒಳಗೆ ಹೋಗೋದಕ್ಕೆ ಬಗ್ಗಲೇಬೇಕು. ಇದು ಬಡತನ ಮಾತ್ರ ಅಂದ್ಕೋಬೇಡಿ, ಲೆಕ್ಕಾಚಾರವೂ ಹೌದು. ಆಷಾಢದ ಮಳೆ ನೆಟ್ಟಗೆ ಬೀಳಲ್ಲ, ಗಾಳಿ ಜೊತೆ ಅಡ್ಡ ಹೊಡೆಯುತ್ತೆ. ಸೂರು ಕೆಳಗಿದ್ದರೆ ಮಣ್ಣಿನ ಗೋಡೆ ನೆನೆಯಲ್ಲ. ಹುಲ್ಲಿಗೆ ಇಳಿಜಾರು ಕಡಿದಾಗಿರಬೇಕು. ನೀರು ನಿಂತರೆ ಕೊಳೆಯುತ್ತೆ, ಜಾರಿದರೆ ಬಾಳುತ್ತೆ. ಇಷ್ಟು ತಿಳಿಯೋದಕ್ಕೆ ಯಾವ ಇಂಜಿನಿಯರಿಂಗ್ ಕಾಲೇಜೂ ಬೇಕಾಗಿರಲಿಲ್ಲ.

ಆದರೆ ಹುಲ್ಲಿನ ಸೂರಿಗೆ ಎರಡು ಶಾಪ. ಒಂದು, ಪದೇ ಪದೇ ಹೊದಿಸಬೇಕು. ಮಳೆಗಾಲಕ್ಕೆ ಮೊದಲು ಊರವರೆಲ್ಲ ಸೇರಿ ಇವತ್ತು ನಿಮ್ಮ ಮನೆ, ನಾಳೆ ನಮ್ಮ ಮನೆ ಅಂತ ಹೊದಿಸುತ್ತಿದ್ದರು. ಇದಕ್ಕೆ ಮುಯ್ಯಾಳು ಅಂತ ಹೆಸರು. ದುಡ್ಡಿನ ಮಾತೇ ಇಲ್ಲ, ಆಳಿಗೆ ಆಳು. ಎರಡನೇ ಶಾಪ ಬೆಂಕಿ. ಒಲೆಯ ಒಂದು ಕಿಡಿ ಸಾಕು, ಬೇಸಿಗೆಯಲ್ಲಿ ಮನೆಯಷ್ಟೇ ಅಲ್ಲ, ಕಣಜದಲ್ಲಿದ್ದ ವರ್ಷದ ಭತ್ತವೂ ಬೂದಿ. ಹಳೇ ಕಾಲ ಚೆಂದ ಅಂತ ಹಾಡುವವರು ಈ ಬೂದಿಯನ್ನೂ ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ ಗಮನಿಸಿ. ಬಯಲುಸೀಮೆಯಲ್ಲಿ ಊರು ಅಂದ್ರೆ ಬೀದಿ, ಸಾಲು ಮನೆ, ಅರಳಿಕಟ್ಟೆ. ಮಲೆನಾಡಿನಲ್ಲಿ ಊರು ಅಂದ್ರೆ ಗುಡ್ಡಕ್ಕೊಂದು ಒಂಟಿ ಮನೆ. ಕೂಗಿದರೆ ಕೇಳಿಸುತ್ತೆ, ನಡೆದರೆ ಕಾಲು ಗಂಟೆ. ಯಾಕೆ? ಅಲ್ಲಿ ಗದ್ದೆ ಇರೋದು ಕಣಿವೆಯ ತಳದಲ್ಲಿ ತುಂಡು ತುಂಡಾಗಿ. ಮನೆ ಗದ್ದೆಯನ್ನ ಹಿಂಬಾಲಿಸಿತು. ಆದರೆ ಗದ್ದೆಯೊಳಗೆ ಕಟ್ಟಲಿಲ್ಲ, ಅಲ್ಲಿ ನೀರು ನಿಲ್ಲುತ್ತೆ. ಗುಡ್ಡದ ಕಡಿದಾದ ಮೈಮೇಲೂ ಕಟ್ಟಲಿಲ್ಲ, ಅಲ್ಲಿ ಮಣ್ಣು ನಿಲ್ಲಲ್ಲ. ಗುಡ್ಡ ಮುಗಿದು ಗದ್ದೆ ಶುರುವಾಗುವ ಜಾಗದಲ್ಲಿ, ಸ್ವಲ್ಪ ಎತ್ತರದ ಗಟ್ಟಿ ನೆಲ ನೋಡಿ ಕಟ್ಟಿದರು. ಮೇಲಿನ ಅಬ್ಬಿಯಿಂದ ಅಡಿಕೆ ದಬ್ಬೆಯಲ್ಲಿ ನೀರು ತಂದರು. ಪಂಪಿಲ್ಲ, ಕರೆಂಟಿಲ್ಲ, ಬಚ್ಚಲಿಗೆ ನೀರು ತಾನಾಗಿ ಬರುತ್ತಿತ್ತು. ಈ ಜಾಗದ ಆಯ್ಕೆ ಇದೆಯಲ್ಲ, ಇದನ್ನ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತೆ.

ಜಮೀನು ಹೆಚ್ಚಿದ ಮನೆತನಗಳು ಕಟ್ಟಿದ್ದು ತೊಟ್ಟಿ ಮನೆ. ಕೆಲವು ಕಡೆ ಚೌಕಿ ಮನೆ ಅಂತಾರೆ. ನಡುವೆ ಆಕಾಶಕ್ಕೆ ಬಾಯ್ತೆರೆದ ಅಂಗಳ, ಸುತ್ತ ನಾಲ್ಕು ಕಡೆ ಜಗುಲಿ, ಪಡಸಾಲೆ, ಕೋಣೆಗಳು, ಮೇಲೆ ಉಪ್ಪರಿಗೆ. ಹಲಸು, ಬೀಟೆ, ಹೊನ್ನೆ ಮರದ ಕಂಬ. ತೊಲೆಯ ಮೇಲೆ ಹಲಗೆಯ ಮುಚ್ಚಿಗೆ. ಭತ್ತಕ್ಕೆ ಮರದ ಪಣತ. ಬಚ್ಚಲಲ್ಲಿ ಹಗಲೂ ರಾತ್ರಿ ಆರದ ಒಲೆ, ಮೇಲೆ ಹಂಡೆ. ಆ ಹೊಗೆ ಮನೆಯೆಲ್ಲ ಸುತ್ತಿ, ಅಟ್ಟಕ್ಕೆ ಏರಿ, ಜಂತಿಗೆ ಕಪ್ಪು ಬಳಿದು, ಹುಳ ಹತ್ತದ ಹಾಗೆ ಕಾಯುತ್ತಿತ್ತು. ನಿಮಗೆ ಇಂಥ ಮನೆ ನೋಡಬೇಕು ಅಂತಿದ್ದರೆ ತೀರ್ಥಹಳ್ಳಿ ಹತ್ತಿರದ ಕುಪ್ಪಳಿಗೆ ಹೋಗಿ, ಕುವೆಂಪು ಅವರ ಮನೆ ಈಗ ಸ್ಮಾರಕ. ಅಂದ ಹಾಗೆ, ಕುವೆಂಪು 1904ರಲ್ಲಿ ಹುಟ್ಟಿದ್ದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರು ಮನೆಯಲ್ಲಿ. ಅಷ್ಟು ದೂರ ಹೋಗೋಕಾಗಲ್ಲ ಅಂದ್ರೆ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಹಾಕಿಕೊಂಡು ನೋಡಿ. ಸ್ವಾಮಿ ಓಡಾಡುವ ಆ ಮನೆ ಆಗುಂಬೆಯ ದೊಡ್ಡಮನೆ. ಇಡೀ ದೇಶ ತನ್ನ ಬಾಲ್ಯದ ಮನೆ ಅಂದುಕೊಂಡಿದ್ದು ಒಂದು ಮಲೆನಾಡಿನ ಮನೆಯನ್ನ!

ಚೆಂದ ಇತ್ತು, ಒಪ್ಪಿಕೊಳ್ಳೋಣ. ಆದರೆ ವೀಕ್ಷಕರೇ, ಒಂದು ಪ್ರಶ್ನೆ ಕೇಳಲೇಬೇಕು. ಆ ಮನೆಯಲ್ಲಿ ಯಾರು ಎಲ್ಲಿಯವರೆಗೆ ಬರಬಹುದಿತ್ತು? ನೆಂಟರು ಪಡಸಾಲೆಗೆ. ಒಕ್ಕಲು ಮಕ್ಕಳು ಜಗುಲಿಯ ಕೆಳಗೆ. ಆಳುಗಳು ಹೊರಗಿನ ಅಂಗಳಕ್ಕೆ. ದಲಿತರು ಹೆಬ್ಬಾಗಿಲಿನ ಆಚೆಗೆ. ಮನೆಯ ಹೆಣ್ಣುಮಕ್ಕಳು ಹೊಗೆ ತುಂಬಿದ ಒಳಗಿನ ಕತ್ತಲೆಗೆ. ಬಾಣಂತಿಗೆ ಕಿಟಕಿಯಿಲ್ಲದ ಕೋಣೆ. ಮನೆಯ ಒಂದೊಂದು ಹೊಸ್ತಿಲೂ ಒಂದೊಂದು ಕಾನೂನು. ಜಂತಿಯನ್ನ ಕಾಪಾಡಿದ ಹೊಗೆ ಅಡುಗೆ ಮನೆಯಲ್ಲಿದ್ದ ಹೆಂಗಸಿನ ಕಣ್ಣನ್ನ, ಎದೆಯನ್ನ ಕಾಪಾಡಲಿಲ್ಲ. ತೊಟ್ಟಿ ಮನೆಯ ಫೋಟೋ ನೋಡಿ ‘ವಾವ್’ ಅನ್ನುವ ಮುಂಚೆ ನಮ್ಮಜ್ಜಿಯನ್ನ ಒಂದು ಮಾತು ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಈಗ ಕಾಫಿ ಬರುತ್ತೆ. ಬಾಬಾ ಬುಡನ್ ಅವರು 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದರು ಅನ್ನೋದು ಎಲ್ಲರಿಗೂ ಗೊತ್ತಿರೋ ಪ್ರತೀತಿ. ಬಹಳ ಕಾಲ ಕಾಫಿ ಹಿತ್ತಿಲ ಗಿಡವಾಗಿಯೇ ಇತ್ತು. 19ನೇ ಶತಮಾನದಲ್ಲಿ ಬ್ರಿಟಿಷ್ ಪ್ಲಾಂಟರ್‌ಗಳು ಬಂದರು. ಬಾಬಾಬುಡನ್‌ಗಿರಿಯ ತಪ್ಪಲಲ್ಲಿ ತೋಟ ಮಾಡಿದ ಕ್ಯಾನನ್ ಹೆಸರು, ಮಂಜರಾಬಾದ್ ಕಡೆ ತೋಟ ಮಾಡಿ 1894ರಲ್ಲಿ ಮೈಸೂರಿನ ಚಿನ್ನ, ಬೇಟೆ, ಕಾಫಿ ಕುರಿತು ಪುಸ್ತಕವನ್ನೇ ಬರೆದ ಎಲಿಯಟ್ ಹೆಸರು ಇವತ್ತಿಗೂ ಕೇಳಿಬರುತ್ತೆ. ಕಾಡಿನಲ್ಲಿ ಸಾಲು ಹಾಕಿ ಗಿಡ ನೆಟ್ಟರು. ಗಿಡ ಬದಲಾದಾಗ ಮನೆಯೂ ಬದಲಾಯ್ತು. ಹೇಗೆ?

ಮೊದಲು ಅಂಗಳ ನೋಡಿ. ಭತ್ತದ ಮನೆಗೆ ಸುಗ್ಗಿಯಲ್ಲಿ ಮಾತ್ರ ಕಣ ಬೇಕು. ಸಗಣಿ ಸಾರಿಸಿದರೆ ಸಾಕು. ಕಾಫಿಗೆ ಹಾಗಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ವಾರಗಟ್ಟಲೆ ಹಣ್ಣು ಒಣಗಬೇಕು. ದಿನವಿಡೀ ಬಿಸಿಲು ಬೀಳೋ ಅಗಲವಾದ, ಮಟ್ಟಸವಾದ ನೆಲ ಬೇಕು. ಮನೆಯ ಮುಂದಿನ ಜಾಗವನ್ನ ಕಾಫಿ ಕಣ ನುಂಗಿತು. ಒಳಗಿನ ತೊಟ್ಟಿ ಕಿರಿದಾಯ್ತು, ಹೊರಗಿನ ಕಣ ಹಿರಿದಾಯ್ತು. ದುಡ್ಡು ತರೋದು ಹೊರಗಿನ ಅಂಗಳ ತಾನೇ! ಪಕ್ಕದಲ್ಲಿ ಪಲ್ಪರ್ ಮನೆ ಬಂತು, ಗೋಡೌನ್ ಬಂತು. ಮನೆ ಅನ್ನೋದು ನಿಧಾನಕ್ಕೆ ಒಂದು ಸಣ್ಣ ಕಾರ್ಖಾನೆ ಆಯ್ತು.

ಎರಡನೇದು ಹೆಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅದರ ಹಿಂದೆ ಇದ್ದವರು ಜಾರ್ಜ್ ಪ್ಲೆಬ್ಸ್ಟ್ ಅನ್ನುವ ಜರ್ಮನ್. ಒಂದು ಹೆಂಚು ಎರಡು, ಎರಡೂವರೆ ಕಿಲೋ. ಒಂದರ ಅಂಚಿಗೆ ಇನ್ನೊಂದು ಸಿಕ್ಕಿಕೊಳ್ಳುತ್ತೆ, ಮೊಳೆ ಬೇಡ, ಗಾರೆ ಬೇಡ. ಒಡೆದರೆ ಆ ಒಂದನ್ನೇ ಬದಲಾಯಿಸಿ. ಬೆಂಕಿಗೆ ಹೆದರಬೇಕಿಲ್ಲ, ವರ್ಷ ವರ್ಷ ಹೊದಿಸಬೇಕಿಲ್ಲ. ಕಾಫಿ ಸಂಸ್ಕರಣೆಗೆ, ಹಡಗಿಗೆ ಮಂಗಳೂರಿಗೇ ಇಳಿಯುತ್ತಿತ್ತು. ಚಾರ್ಮಾಡಿಯ ದಾರಿಯಲ್ಲಿ ಕಾಫಿ ಕೆಳಗೆ, ಹೆಂಚು ಮೇಲೆ. ನೇತ್ರಾವತಿ ಹುಟ್ಟೋದೇ ನಮ್ಮ ಈ ಬೆಟ್ಟಗಳಲ್ಲಿ. ಘಟ್ಟದ ಮಣ್ಣು ಹೊಳೆಯಲ್ಲಿ ಇಳಿದು ಹೋಗಿ, ಮಂಗಳೂರಿನಲ್ಲಿ ಬೆಂದು ಹೆಂಚಾಗಿ, ಎತ್ತಿನ ಗಾಡಿಯಲ್ಲಿ ತವರಿಗೆ ವಾಪಸ್ ಬಂತು ಅಂದರೂ ತಪ್ಪಿಲ್ಲ.

ಮೊದಲು ಹೆಂಚು ಹಾಕಿಸಿದ್ದು ಯಾರು? ಉಳ್ಳವರು. ‘ಹೆಂಚಿನ ಮನೆಯವರು’ ಅಂದ್ರೆ ಸ್ಥಿತಿವಂತರು ಅಂತ ಅರ್ಥ. ಹೆಣ್ಣು ಕೊಡುವವರು ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಮನೆಗೆ ಹೆಂಚೋ, ಹುಲ್ಲೋ?’ ಇವತ್ತು ಹುಡುಗನ ಪ್ಯಾಕೇಜ್ ಎಷ್ಟು ಅಂತ ಕೇಳ್ತೀವಲ್ಲ, ಹಾಗೆ.

ಮೂರನೇದು ಬಂಗಲೆ. ಈ ಪದ ಬಂದಿದ್ದು ಬಂಗಾಳದಿಂದ. ಮೊದಲ ತಲೆಮಾರಿನ ದೊರೆಗಳೂ ಹುಲ್ಲಿನ ಸೂರಿನಲ್ಲೇ ಶುರು ಮಾಡಿದವರು. ತೋಟ ಫಸಲು ಕೊಟ್ಟ ಮೇಲೆ ಬಂಗಲೆ ಎದ್ದಿತು. ತೊಟ್ಟಿ ಮನೆ ಒಳಮುಖ, ಬಂಗಲೆ ಹೊರಮುಖ. ತೊಟ್ಟಿ ಮನೆಯಲ್ಲಿ ಎಲ್ಲರೂ ನಡುವಿನ ಅಂಗಳ ನೋಡಿ ಕೂರುತ್ತಿದ್ದರು. ಬಂಗಲೆಯಲ್ಲಿ ದೊರೆ ವೆರಾಂಡದಲ್ಲಿ ಕುರ್ಚಿ ಹಾಕಿಕೊಂಡು ತನ್ನ ತೋಟ ನೋಡಿ ಕೂರುತ್ತಿದ್ದ. ಗುಡ್ಡದ ನೆತ್ತಿ ಹತ್ತಿ ಕಟ್ಟಿದರು, ಯಾಕಂದ್ರೆ ಎಲ್ಲವೂ ಕಣ್ಣಿಗೆ ಕಾಣಬೇಕು. ಚಳಿಗೆ ಚಿಮಣಿ ಇಟ್ಟ ಬೆಂಕಿಗೂಡು, ಎತ್ತರದ ಮಾಡು, ಅಡುಗೆ ಮನೆ ಬೇರೆ, ಹಿಂದೆ ಬಟ್ಲರ್ ಕೋಣೆ. ಸ್ವಾತಂತ್ರ್ಯದ ಮುಂಚೆ, ಆಮೇಲೆ ಒಬ್ಬೊಬ್ಬರಾಗಿ ದೊರೆಗಳು ತೋಟ ಮಾರಿ ಹೋದರು. ಕುರ್ಚಿಯಲ್ಲಿ ನಮ್ಮವರು ಕೂತರು. ಬಂಗಲೆಯ ರುಚಿ ಊರಿಗೆಲ್ಲ ಹತ್ತಿತು. ತೊಟ್ಟಿ ಮನೆಯ ಮುಂದಕ್ಕೇ ಒಂದು ಪೋರ್ಟಿಕೋ, ಕಾರು ನಿಲ್ಲಿಸೋಕೆ. ಸಗಣಿ ನೆಲದ ಜಾಗಕ್ಕೆ ಕನ್ನಡಿ ಹಾಗೆ ಹೊಳೆಯೋ ರೆಡ್ ಆಕ್ಸೈಡ್.

ಬಂಗಲೆ ಬಗ್ಗೆ ಕಾಫಿ ಟೇಬಲ್ ಪುಸ್ತಕಗಳು ಬರುತ್ತವೆ. ಬಂಗಲೆಯಿಂದ ಅರ್ಧ ಫರ್ಲಾಂಗ್ ಕೆಳಗಿದ್ದ ಮನೆಯ ಬಗ್ಗೆ ಯಾರೂ ಪುಸ್ತಕ ಮಾಡಲ್ಲ. ಅದು ಲೈನ್ ಮನೆ. ಒಂದೇ ಉದ್ದದ ಕಟ್ಟಡ, ಒಂದೇ ಸೂರು, ನಡುನಡುವೆ ಗೋಡೆ. ಒಂದು ಕುಟುಂಬಕ್ಕೆ ಒಂದು ಕೋಣೆ, ಒಂದು ಒಲೆ. ಘಟ್ಟದ ಕೆಳಗಿನಿಂದ, ತಮಿಳು ಸೀಮೆಯಿಂದ ಮೇಸ್ತ್ರಿಗಳು ಕರೆತಂದ ಜನ ಅಲ್ಲಿ ಇಳಿದರು. ಪಕ್ಕದ ಮನೆಯಲ್ಲಿ ಮಗು ಕೆಮ್ಮಿದರೆ ಇಲ್ಲಿಗೆ ಕೇಳಿಸುತ್ತೆ. ಕಾಫಿ ಸೀಮೆಯಲ್ಲಿ ಅತಿ ಹೆಚ್ಚು ಜನ ಹುಟ್ಟಿ, ಬೆಳೆದು, ಸತ್ತ ಮನೆ ಯಾವುದು ಅಂತ ಕೇಳಿದರೆ, ತೊಟ್ಟಿ ಮನೆಯೂ ಅಲ್ಲ, ಬಂಗಲೆಯೂ ಅಲ್ಲ, ಈ ಲೈನ್ ಮನೆಯ ಕಡೆಗೇ ಕೈ ತೋರಿಸಬೇಕಾಗುತ್ತೆ.

1951ರಲ್ಲಿ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಬಂತು. ಕೂಲಿ ಕಾರ್ಮಿಕರಿಗೆ ಮನೆ ಕೊಡೋದು, ಅದನ್ನ ದುರಸ್ತಿಯಲ್ಲಿಡೋದು ಮಾಲೀಕನ ಜವಾಬ್ದಾರಿ ಅಂತ ಆಯ್ತು. ಮೊದಲು 25 ಎಕರೆ, 30 ಕಾರ್ಮಿಕರು ಇದ್ದ ತೋಟಗಳಿಗೆ ಅನ್ವಯ. 1981ರ ತಿದ್ದುಪಡಿಯಲ್ಲಿ ಅದು 5 ಹೆಕ್ಟೇರ್, 15 ಕಾರ್ಮಿಕರಿಗೆ ಇಳಿಯಿತು. ಲೈನ್ ಮನೆಗಳಿಗೆ ಹೆಂಚು ಬಂತು, ಕೆಲವು ಕಡೆ ಕಕ್ಕಸು ಬಂತು, ಕರೆಂಟು ಬಂತು. ಒಳ್ಳೆಯದೇ. ಆದರೆ ಆ ಮನೆಯ ಬೀಗದ ಕೈ ಕೆಲಸಕ್ಕೆ ಕಟ್ಟಿದೆ. ಕೈಯಲ್ಲಿ ಕಸುವಿರುವವರೆಗೆ ಮನೆ, ಕಸುವು ಹೋದ ದಿನ ಮನೆಯೂ ಇಲ್ಲ. ಮೂರು ತಲೆಮಾರು ಒಂದೇ ಲೈನಿನಲ್ಲಿ ಬಾಳಿದ ಕುಟುಂಬಕ್ಕೂ ‘ಇದು ನನ್ನ ಮನೆ’ ಅನ್ನೋಕೆ ಒಂದು ತುಂಡು ಕಾಗದ ಇಲ್ಲ. ಇವತ್ತು ಆ ಲೈನುಗಳಲ್ಲಿ ಅಸ್ಸಾಂ ಕಡೆಯಿಂದ ಬಂದವರಿದ್ದಾರೆ. ಭಾಷೆ ಬದಲಾಗಿದೆ, ಕೋಣೆ ಅದೇ.

ಇನ್ನು ತೊಟ್ಟಿ ಮನೆ ಏನಾಯ್ತು? ಅದನ್ನ ಮಳೆ ಕೆಡವಲಿಲ್ಲ, ಕಾಲ ಕೆಡವಿತು. 1974ರ ಭೂಸುಧಾರಣೆಯಲ್ಲಿ ಗೇಣಿ ಗದ್ದೆ ಉಳುವವನಿಗೆ ಹೋಯಿತು. ಕಾಫಿ ತೋಟಕ್ಕೆ ವಿನಾಯಿತಿ ಇತ್ತು, ಗದ್ದೆಗೆ ಇರಲಿಲ್ಲ. ಗೇಣಿ ಭತ್ತದಿಂದ ಪಣತ ತುಂಬಿಸುತ್ತಿದ್ದ ದೊಡ್ಡ ಮನೆಗಳ ಲೆಕ್ಕ ತಪ್ಪಿತು. ಅದು ಆಗಲೇಬೇಕಿತ್ತು, ಆಯ್ತು. ಹೆಬ್ಬಾಗಿಲ ಆಚೆ ನಿಂತಿದ್ದವನು ಮೊದಲ ಸಲ ತನ್ನ ಹೆಸರಿನ ಪಹಣಿ ಹಿಡಿದ. ಅವನೂ ಮನೆ ಕಟ್ಟಿದ, ಹೆಂಚು ಹಾಕಿಸಿದ. ಇತ್ತ ದೊಡ್ಡ ಮನೆಯಲ್ಲಿ ಅಣ್ಣ ತಮ್ಮಂದಿರ ಪಾಲು. ತೊಟ್ಟಿಯ ನಡುವೆ ಗೋಡೆ ಎದ್ದಿತು. ಒಂದು ಮಗ್ಗುಲು ದೊಡ್ಡವನಿಗೆ, ಒಂದು ಮಗ್ಗುಲು ಚಿಕ್ಕವನಿಗೆ. ನಡುವೆ ಗೋಡೆ ಎದ್ದ ತೊಟ್ಟಿ ಮನೆಯನ್ನ ನೀವು ನೋಡಿದ್ದರೆ ನಿಮಗೆ ಗೊತ್ತಿರುತ್ತೆ, ಅದು ಉಸಿರು ಕಟ್ಟಿದ ಮನೆ.

ಮರದ ಕಾನೂನೂ ಬಿಗಿಯಾಯ್ತು. 1963ರ ಕರ್ನಾಟಕ ಅರಣ್ಯ ಕಾಯ್ದೆ, 1976ರ ಮರ ಸಂರಕ್ಷಣಾ ಕಾಯ್ದೆ. ಸ್ವಂತ ಜಮೀನಿನ ಮರ ಕಡಿಯೋಕೂ ಅರ್ಜಿ, ಅನುಮತಿ. ಕಾಡು ಉಳಿಯಬೇಕಾದರೆ ಇದು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಜ್ಜ ಬೀಟೆ ಮರದ ತೊಲೆ ಕೂರಿಸಿದ ಜಾಗದಲ್ಲಿ ಮೊಮ್ಮಗ ಕಬ್ಬಿಣದ ಸರಳು ಕೂರಿಸಲೇಬೇಕಾಯ್ತು. ಮರ ಕೆತ್ತುವ ಆಚಾರಿಗಳ ಮಕ್ಕಳು ಸೆಂಟ್ರಿಂಗ್ ಕೆಲಸಕ್ಕೆ ಹೋದರು.

ಆಮೇಲೆ ದುಡ್ಡು ಬಂತು. ದಶಕಗಳ ಕಾಲ ಬೆಳೆಗಾರ ತನ್ನ ಕಾಫಿಯನ್ನ ಕಾಫಿ ಬೋರ್ಡಿನ ಪೂಲಿಗೇ ಕೊಡಬೇಕಿತ್ತು. 90ರ ದಶಕದ ಮೊದಲ ಭಾಗದಲ್ಲಿ ಹಂತ ಹಂತವಾಗಿ ಮಾರುಕಟ್ಟೆ ಮುಕ್ತವಾಯ್ತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಅಲ್ಲಿನ ಕಾಫಿ ಗಿಡ ಸುಟ್ಟುಹೋಯ್ತು. ಅಲ್ಲಿ ಗಿಡ ಸುಟ್ಟರೆ ಇಲ್ಲಿ ರೇಟು ಏರುತ್ತೆ. ಮೂಡಿಗೆರೆಯಲ್ಲಿ ಹೊಸ ಮಾರುತಿ ಕಾರು, ಹೊಸ ಟೆರೇಸ್ ಮನೆ! ಬೆಂಗಳೂರಿನಲ್ಲಿ ನೋಡಿದ ಮನೆಯ ಪ್ಲಾನ್ ತಂದು ಮಲೆನಾಡಿನಲ್ಲಿ ಇಳಿಸಿದರು. ಚಪ್ಪಟೆ ಮಾಡು, ಚೌಕಾಕಾರದ ಡಬ್ಬ, ಸೂರಿನ ಚಾಚು ಒಂದೂವರೆ ಅಡಿ. ಬೆಂಗಳೂರಿಗೆ ಅದು ಸರಿ. ಚಿಕ್ಕಮಗಳೂರು ಪೇಟೆಗೂ ಹೇಗೋ ನಡೆಯುತ್ತೆ. ಆದರೆ ಪೇಟೆಯಿಂದ ಸುಮಾರು 50 ಕಿಲೋಮೀಟರ್ ದೂರದ ಕೊಟ್ಟಿಗೆಹಾರದಲ್ಲಿ ಬೀಳೋ ಮಳೆ ಪೇಟೆಯ ಮಳೆಗಿಂತ ಎಷ್ಟೋ ಪಟ್ಟು ಜಾಸ್ತಿ. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೆ ಬಿಡಲ್ಲ. ಚಪ್ಪಟೆ ಮಾಡಿನ ಮೇಲೆ ನೀರು ನಿಂತಿತು, ಪಾಚಿ ಕಟ್ಟಿತು, ಕೂದಲೆಳೆ ಬಿರುಕಿನಲ್ಲಿ ಇಳಿಯಿತು. ಗೋಡೆಗೆ ಬೂಷ್ಟು, ಬೀರುವಿನ ಬಟ್ಟೆಗೆ ಬೂಷ್ಟು, ಚಪ್ಪಲಿಗೂ ಬೂಷ್ಟು. ಡ್ಯಾಂಪ್ ಪ್ರೂಫ್ ಅಂತ ಏನೇನೋ ಬಳಿದರು. ಕೊನೆಗೆ ಎಲ್ಲರೂ ಶರಣಾಗಿದ್ದು ಯಾವುದಕ್ಕೆ? ಇಳಿಜಾರಿಗೆ. ಹುಲ್ಲಿನ ಮನೆಯವನಿಗೆ ಸಾವಿರ ವರ್ಷದ ಹಿಂದೆ ಗೊತ್ತಿದ್ದ ಪಾಠಕ್ಕೆ! ಶುರುವಲ್ಲಿ ಹೇಳಿದ ಆ ತಗಡಿನ ಸೂರು ಇದೆಯಲ್ಲ, ಅದು ನಮ್ಮ ಅಜ್ಜಂದಿರಿಗೆ ನಾವು ಕಟ್ಟಿದ ದಂಡ.

ಉಳ್ಳವರು ದಂಡ ಕಟ್ಟುತ್ತಾರೆ. ಇಲ್ಲದವರು? 70ರ ದಶಕದಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆ, 90ರ ದಶಕದ ಆಶ್ರಯ ಮನೆ, ಇಂದಿರಾ ಆವಾಸ್, ಬಸವ ವಸತಿ, ಪ್ರಧಾನಮಂತ್ರಿ ಆವಾಸ್. ಹೆಸರು ಬದಲಾದವು, ಪಕ್ಷ ಬದಲಾದವು. ಸೂರಿಲ್ಲದ ಲಕ್ಷಾಂತರ ಜನರಿಗೆ ಸೂರು ಕೊಟ್ಟಿದ್ದು ಈ ಯೋಜನೆಗಳು, ಅದನ್ನ ಸಣ್ಣದು ಮಾಡೋದು ಬೇಡ. ತಳಪಾಯಕ್ಕೊಂದು ಕಂತು, ಲಿಂಟಲ್‌ಗೊಂದು ಕಂತು, ಛಾವಣಿಗೊಂದು ಕಂತು, ಪ್ರತಿ ಹಂತಕ್ಕೂ ಫೋಟೋ. ಆದರೆ ನನ್ನ ಪ್ರಶ್ನೆ ಇಷ್ಟೇ. ರಾಯಚೂರಿನ ಬಿಸಿಲಿಗೂ ಕಳಸದ ಮಳೆಗೂ ಒಂದೇ ಲೆಕ್ಕಾಚಾರ ಹೇಗೆ ಸಾಕಾಗುತ್ತೆ? ಮಲೆನಾಡಿನಲ್ಲಿ ಇಟ್ಟಿಗೆ, ಮರಳು ಗುಡ್ಡ ಹತ್ತಿ ಬರಬೇಕು, ಸೂರಿನ ಚಾಚು ಅಗಲ ಬೇಕು, ಗೋಡೆ ಮುಚ್ಚಬೇಕು. ಕಂತಿನ ದುಡ್ಡು ಲಿಂಟಲ್‌ಗೇ ಮುಗಿದರೆ ಉಳಿದ ಮಳೆಗಾಲ ಯಾರು ಕಾಯ್ತಾರೆ? ನೀಲಿ ಟಾರ್ಪಾಲು ಕಾಯುತ್ತೆ.

ಇನ್ನೊಂದು ಬಗೆಯ ಮನೆಯನ್ನ ಹೇಳದಿದ್ದರೆ ಕಥೆ ಪೂರ್ತಿ ಆಗಲ್ಲ. ಕಳಸದಿಂದ ಮುಂದೆ ಕುದುರೆಮುಖ. 1976ರಲ್ಲಿ ಕಬ್ಬಿಣದ ಅದಿರಿನ ಕಂಪನಿ ಶುರುವಾಯ್ತು. ಕಾಡಿನ ನಡುವೆ ಒಂದು ಟೌನ್‌ಶಿಪ್ ಎದ್ದಿತು. ಸಾಲು ಸಾಲು ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ. ದೇಶದ ನಾನಾ ಕಡೆಯ ಜನ ಆ ಮಂಜಿನಲ್ಲಿ ಮಕ್ಕಳನ್ನ ಬೆಳೆಸಿದರು. ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಗಣಿ ನಿಂತ ಮೇಲೆ ಮನೆಗಳೂ ನಿಂತವು, ಜನ ಹೋದರು. ಕಾಡಿಗೆ, ಹೊಳೆಗೆ ಆ ತೀರ್ಪು ಒಳ್ಳೆಯದೇ ಮಾಡಿತು. ಆದರೆ ಮನೆ ಅನ್ನೋದರ ಬಗ್ಗೆ ಕುದುರೆಮುಖ ಒಂದು ಪಾಠ ಹೇಳುತ್ತೆ. ಜನ ಇದ್ದರೆ ಮಣ್ಣಿನ ಗೋಡೆಯೂ ನೂರು ವರ್ಷ ನಿಲ್ಲುತ್ತೆ. ಜನ ಇಲ್ಲದಿದ್ದರೆ ಕಾಂಕ್ರೀಟ್ ಗೋಡೆಯೂ ಕೆಲವೇ ಮಳೆಗಾಲಕ್ಕೆ ಸೋಲುತ್ತೆ. ಮನೆಯನ್ನ ನಿಲ್ಲಿಸೋದು ಒಲೆ ಹಚ್ಚುವ ಕೈ.

ಈಗ ಅಸಲು ವಿಷಯಕ್ಕೆ ಬರ್ತೀನಿ. 2019ರ ಆಗಸ್ಟ್. ನಮ್ಮ ಚಾನೆಲ್‌ಗಳಲ್ಲಿ ಹಗಲೂ ರಾತ್ರಿ ನೀವು ನೋಡಿದ ದೃಶ್ಯ. ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡವೇ ಜಾರಿ ಬಂತು. ಚಾರ್ಮಾಡಿ ರಸ್ತೆ ಕುಸಿಯಿತು. ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣು. ಸರ್ಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಬಯಲಿನಲ್ಲಿ ಮನೆ ಬಿದ್ದರೆ ಅದೇ ಜಾಗದಲ್ಲಿ ಮತ್ತೆ ಕಟ್ಟಬಹುದು. ಬೆಟ್ಟದಲ್ಲಿ ಜಾಗವೇ ಜಾರಿ ಹೋದರೆ ಎಲ್ಲಿ ಕಟ್ಟೋದು? ದುಡ್ಡು ಖಾತೆಗೆ ಬರುತ್ತೆ, ನೆಲ ಖಾತೆಗೆ ಬರಲ್ಲ.

ಆ ದುರಂತಕ್ಕೆ ಮೊದಲ ಕಾರಣ ಮಳೆ. ಕೆಲವೇ ದಿನದಲ್ಲಿ ಸುರಿದ ವಿಪರೀತ ಮಳೆ. ಹಳೇ ಮನೆ, ಹೊಸ ಮನೆ ಅಂತ ಅದು ನೋಡಲಿಲ್ಲ, ತಪ್ಪು ಮಾಡದವರ ಮನೆಯೂ ಹೋಯಿತು. ಆದರೆ ಮಳೆಯ ಮೇಲೆ ಎಲ್ಲಾ ಭಾರ ಹಾಕಿ ನಾವು ಕೈ ತೊಳೆದುಕೊಳ್ಳೋ ಹಾಗಿಲ್ಲ. ಹಳಬರು ಮನೆಗೆ ಜಾಗ ಹೇಗೆ ಆರಿಸುತ್ತಿದ್ದರು ಅಂತ ಹೇಳಿದ್ದೆ, ನೆನಪಿದೆಯಾ? ಗುಡ್ಡದ ಬುಡದ ಗಟ್ಟಿ ನೆಲ, ನೀರಿನ ದಾರಿ ಬಿಟ್ಟು. ಅವರ ಹತ್ತಿರ ಜೆಸಿಬಿ ಇರಲಿಲ್ಲ, ಗುದ್ದಲಿ ಇತ್ತು. ಗುದ್ದಲಿಯಲ್ಲಿ ಗುಡ್ಡ ಕಡಿಯೋಕೆ ಆಗಲ್ಲ, ಹಾಗಾಗಿ ನೆಲ ಹೇಳಿದಂತೆ ಮನೆ ಕೇಳಿತು. ಈಗ ಜೆಸಿಬಿ ಇದೆ. ಎರಡು ದಿನದಲ್ಲಿ ಗುಡ್ಡದ ಮೈ ಕತ್ತರಿಸಿ ಮೈದಾನ ಮಾಡ್ತೀವಿ. ಹಿಂದೆ ಇಪ್ಪತ್ತು ಅಡಿ ನೆಟ್ಟಗಿನ ಬರೆ, ಮುಂದೆ ಸುರಿದ ಸಡಿಲ ಮಣ್ಣು, ನಡುವೆ ಮನೆ. ವ್ಯೂ ಚೆನ್ನಾಗಿರುತ್ತೆ. ಯಾಕೆ ವ್ಯೂ ಬೇಕು? ಹೋಂಸ್ಟೇ!

ಹೋಂಸ್ಟೇಯನ್ನ ನಾನು ಬೈಯಲ್ಲ. 2000ದ ನಂತರ ಕಾಫಿ ರೇಟು ಪಾತಾಳಕ್ಕೆ ಬಿದ್ದಾಗ ಎಷ್ಟೋ ಬೆಳೆಗಾರರನ್ನ ಕೈಹಿಡಿದಿದ್ದು ಮನೆಯ ಎರಡು ಖಾಲಿ ಕೋಣೆಗಳು. ಬೀಳಬೇಕಿದ್ದ ಎಷ್ಟೋ ತೊಟ್ಟಿ ಮನೆಗಳು ಅತಿಥಿಗಳ ದುಡ್ಡಿನಿಂದ ರಿಪೇರಿ ಆಗಿ ನಿಂತಿವೆ. ಆದರೆ ಇನ್ನೊಂದು ಕಡೆ, ಇರೋ ತೊಟ್ಟಿ ಮನೆ ಕೆಡವಿ, ಅದರ ಕಂಬ, ಬಾಗಿಲು ವ್ಯಾಪಾರಿಗೆ ಮಾರಿ, ಆ ದುಡ್ಡಲ್ಲಿ ಗುಡ್ಡ ಕಡಿದು ಕಾಟೇಜ್ ಕಟ್ಟುವವರೂ ಇದ್ದಾರೆ. ಅದೇ ಕಂಬ ಯಾವುದೋ ರೆಸಾರ್ಟಿನ ರಿಸೆಪ್ಶನ್‌ನಲ್ಲಿ ಶೋಗೆ ನಿಂತಿರುತ್ತೆ. ಚೆನ್ನೈ ಹತ್ತಿರದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲಿ ಚಿಕ್ಕಮಗಳೂರಿನದ್ದೇ ಒಂದು ಮನೆ ಇದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಎಲ್ಲೆಲ್ಲಿಯೋ ಬೀಳುತ್ತಿದ್ದ ಮನೆಗಳನ್ನ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರಿಗೆ ಕೈಮುಗಿಯೋಣ. ಆದರೆ ನಮ್ಮ ಮನೆಯನ್ನ ನೋಡೋಕೆ ನಾವು ಟಿಕೆಟ್ ತೆಗೆಯೋ ಕಾಲ ಬರಬಾರದು.

ಹಾಗಂತ ಎಲ್ಲರೂ ತೊಟ್ಟಿ ಮನೆಗೆ ವಾಪಸ್ ಹೋಗಿ ಅಂತ ನಾನು ಹೇಳ್ತಿಲ್ಲ. ಹೋಗೋಕೆ ಆಗಲ್ಲ, ಹೋಗಲೂಬಾರದು. ಆ ಹೊಸ್ತಿಲುಗಳ ಕಾನೂನು ಹಾಳಾಗಿ ಹೋಗಲಿ. ಆ ಹೊಗೆಯೂ ಬೇಡ. ತಗೋಬೇಕಾದ್ದು ಮೂರು ಮಾತು. ಒಂದು, ಮಾಡು ಇಳಿಜಾರಿರಲಿ, ಮೊದಲ ದಿನದಿಂದಲೇ. ಆರ್‌ಸಿಸಿ ಹಾಕುವುದಾದರೂ ಇಳಿಜಾರಾಗಿಯೇ ಹಾಕಿ, ಮೇಲೆ ಹೆಂಚು ಕೂರಿಸಿ, ಸೂರನ್ನ ಗೋಡೆಯಿಂದ ದೂರ ಚಾಚಿ. ಎರಡು ಸಲ ದುಡ್ಡು ಖರ್ಚು ಮಾಡಬೇಡಿ. ಎರಡು, ಪ್ಲಾನ್ ತೋರಿಸೋ ಮೊದಲು ಜಾಗ ತೋರಿಸಿ. ಮಳೆಗಾಲದಲ್ಲಿ ಒಂದ್ಸಲ ಛತ್ರಿ ಹಿಡಿದು ಆ ಜಾಗದಲ್ಲಿ ನಿಂತು ನೀರು ಎಲ್ಲಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ನೋಡಿ. ನೀರಿನ ದಾರಿಗೆ ಅಡ್ಡ ಕೂತರೆ ನೀರು ಇವತ್ತಲ್ಲ ನಾಳೆ ಬಾಗಿಲು ತಟ್ಟುತ್ತೆ. ಮೂರನೇ ಮಾತು ಸರ್ಕಾರಕ್ಕೆ. ಮಲೆನಾಡಿಗೆ ಮಲೆನಾಡಿನ ಮನೆ ಕೊಡಿ. ಇಳಿಜಾರು ಮಾಡಿಗೆ, ಅಗಲ ಸೂರಿಗೆ, ಗುಡ್ಡ ಹತ್ತುವ ಸಾಗಾಣಿಕೆಗೆ ಕಂತಿನಲ್ಲಿ ಜಾಗ ಇರಲಿ. 94ಸಿ ಅರ್ಜಿ ಹಾಕಿ ಹಕ್ಕುಪತ್ರಕ್ಕೆ ಕಾಯುತ್ತಿರುವವನಿಗೆ, ಗುಡ್ಡ ಕುಸಿದು ನೆಲ ಕಳೆದುಕೊಂಡವನಿಗೆ, ಲೈನ್ ಮನೆಯಲ್ಲಿ ವಯಸ್ಸು ಕಳೆದವಳಿಗೆ ಮೊದಲು ಒಂದು ಗಟ್ಟಿ ನಿವೇಶನ ಕೊಡಿ. ಮನೆ ಹೇಗಿರಬೇಕು ಅಂತ ಚರ್ಚೆ ಮಾಡೋ ಭಾಗ್ಯ ನೆಲ ಇದ್ದವರಿಗೆ ಮಾತ್ರ.

ವೀಕ್ಷಕರೇ, ಈ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ನಿಮ್ಮ ಹಳೇ ಮನೆ ಇನ್ನೂ ನಿಂತಿದ್ದರೆ ಒಂದು ಒಡೆದ ಹೆಂಚು ತೆಗೆದು ಅದರ ಬೆನ್ನಿನ ಮೇಲಿನ ಅಚ್ಚು ಓದಿ. ಮನೆಯ ಹಿರಿಯರನ್ನ ಕೂರಿಸಿಕೊಂಡು, ಈ ಮನೆ ಯಾರು ಕಟ್ಟಿದರು, ಮರ ಎಲ್ಲಿಂದ ಬಂತು, ಮಣ್ಣು ಯಾರು ಹೊತ್ತರು ಅಂತ ಕೇಳಿ, ಬರೆದಿಟ್ಟುಕೊಳ್ಳಿ. ಹೊತ್ತವರ ಹೆಸರನ್ನೂ ಬರೆದುಕೊಳ್ಳಿ. ಆಮೇಲೆ ಆ ಒಡೆದ ಹೆಂಚಿನ ಜಾಗಕ್ಕೆ ಹೊಸದೊಂದು ಹಾಕಿಸಿ ಬನ್ನಿ. ಮಳೆಗಾಲ ಹತ್ತಿರ ಇದೆ.